ಕಣ್ಣು ತೆಗೆಯಲು ವಿಮೆ ಇತ್ತು

ಆ ದಿನ ಬೆಳಿಗ್ಗೆ ನಲ್ಲಿಗೆ ನೀರು ಬಂದಿತ್ತು. ವಾರಕ್ಕೊಮ್ಮೆ ಬರುವ ನೀರು. ಹಂಡೆ, ಕೊಡ, ಬಕೀಟು, ಕೊನೆಗೆ ಹಾಲಿನ ಪಾತ್ರೆಯನ್ನೂ ಬಿಡದೆ ತುಂಬಿಟ್ಟೆ. ಪೂಜೆ ಮಾಡಿಕೊಂಡೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ರೊಟ್ಟಿ ಬಡಿಯಲು ಬರುವ ನೀಲವ್ವನಿಗೆ ಹಿಟ್ಟು ತೆಗೆದುಕೊಟ್ಟೆ. ಹೆಸರುಕಾಳು ನೆನೆಹಾಕಿದೆ, ಅಂಗಡಿಗೆ ಬುತ್ತಿ ಕಟ್ಟಿದೆ, ಒಂದು ಸೇರು ಶೇಂಗಾ ಹುರಿದು ಸಿಪ್ಪೆ ಕೇರಿದೆ, ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ಮೂರು ಗಂಟೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಅದನ್ನೂ ಆ ದಿನದ ಕೆಲಸಗಳಲ್ಲಿ ಒಂದು ಎಂದೇ ಎಣಿಸಿದ್ದೆ. ಚಷ್ಮಾದ ನಂಬರು ಬದಲಾಗಿರಬೇಕು, ಬರುವಾಗ ದುರ್ಗದಬೈಲಿನಲ್ಲಿ ಕಾಯಿಪಲ್ಯೆ ತಂದರಾಯಿತು ಎಂದು ಚೀಲವನ್ನೂ ಒಯ್ದಿದ್ದೆ.

ಇದು ಎರಡು ಸಾವಿರದ ಎರಡರ ಸುಮಾರಿನ ಮಾತು. ನನಗಾಗ ನಲವತ್ತೇಳು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆ, ಹತ್ತಿ ವ್ಯಾಪಾರದ ಮನೆತನ. ಮನೆಯಲ್ಲಿ ನಾಲ್ಕೇ ಜನ: ಅತ್ತೆಯವರು, ಹೆಂಡತಿ ತೀರಿಕೊಂಡಿದ್ದ ಹಿರಿಯ ಭಾವನವರು, ನಮ್ಮವರು ಈರಣ್ಣ, ಮತ್ತೆ ನಾನು. ಮಗಳು ಮದುವೆಯಾಗಿ ಗದಗಿಗೆ ಹೋಗಿದ್ದಳು. ಈಗಲೂ ಯಾರಾದರೂ ಫೋನ್ ಮಾಡಿ, "ವೈನಿ, ಪರದೇಶದಾಗ ಆಪರೇಶನ್ ಅಂದ್ರ ರೊಕ್ಕ ಹ್ಯಾಂಗ ಕಳಸಿದ್ರಿ, ಇನ್ಶೂರೆನ್ಸ್ ಬಂತೇನ್ರಿ" ಎಂದು ಕೇಳುತ್ತಾರೆ. ಅವರೆಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕಾಯಿಲೆಯ ಶಾಸ್ತ್ರ ನನಗೆ ಗೊತ್ತಿಲ್ಲ. ನನಗೆ ಆದದ್ದು ಗೊತ್ತು.

ಡಾಕ್ಟರ ಹೊರಕೋಣೆಯಲ್ಲಿ ಕಣ್ಣಿಗೆ ಔಷಧ ಹಾಕಿಸಿಕೊಂಡವರೆಲ್ಲ ಮುಖ ಮೇಲೆ ಮಾಡಿ, ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. ನನಗೂ ಮೂರು ಸಲ ಹಾಕಿದರು. ಆ ಔಷಧದ ಗುಣವೆಂದರೆ ಹತ್ತಿರದ್ದೆಲ್ಲ ಕಲಸಿದಂತೆ ಕಾಣುತ್ತದೆ. ಹಾಗಾಗಿ ಡಾಕ್ಟರು ಹೇಳುವ ಹೊತ್ತಿಗೆ ನನಗೆ ಅವರ ಮುಖವೂ ಕಾಣಲಿಲ್ಲ, ಪಕ್ಕದಲ್ಲಿ ಕೂತ ನಮ್ಮವರ ಮುಖವೂ ಕಾಣಲಿಲ್ಲ. ಮಾತು ಮಾತ್ರ ಕೇಳಿಸಿತು.

"ಬಲಗಣ್ಣಿನ ಒಳಗ, ಹಿಂದಿನ ಪದರದಾಗ ಒಂದು ಗಂಟು ಐತ್ರಿ. ನೀವು ಚಷ್ಮಾ ಬದಲಿಸಿದ್ರ ಹೋಗೂದಲ್ಲ."

ನಮ್ಮವರು ಕೇಳಿದರು, "ಗಂಟು ಅಂದ್ರ?"

"ಕ್ಯಾನ್ಸರ್ ಜಾತೀದು."

ಆ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ, ಇನ್ನೂ ನೆನಪಿದೆ: "ಈಗ ಹೊರಗ ಹೋಗಾಕ ಬಿಸಿಲು ನಡೀತೈತೇನ್ರಿ?" ಡಾಕ್ಟರು ಕರಿ ಕಾಗದದ ಚಷ್ಮಾ ಕೊಟ್ಟರು. ಕಾಯಿಪಲ್ಯೆ ತರದೆ ಮನೆಗೆ ಬಂದೆವು.

ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಎರಡು ದಿನ ಪರೀಕ್ಷೆ ಮಾಡಿದರು. ಗಂಟು ಇನ್ನೂ ಸಣ್ಣದಿದೆ, ಬೇರೆ ಕಡೆ ಹರಡಿಲ್ಲ, ಆದರೆ ಕಣ್ಣಿನ ನರಕ್ಕೆ ತೀರ ಹತ್ತಿರವಿದೆ, ಇಲ್ಲಿ ಮಾಡುವ ಕಿರಣದ ಚಿಕಿತ್ಸೆ ಅಲ್ಲಿಗೆ ಆಗಿಬರುವುದಿಲ್ಲ ಎಂದರು. ಎರಡೇ ದಾರಿ: ಕಣ್ಣು ತೆಗೆಸುವುದು, ಇಲ್ಲವೆ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಬೇರೆ ಜಾತಿಯ ಕಿರಣ ಬಿಡಿಸುವುದು. ಎರಡರಲ್ಲೂ ಜೀವ ಉಳಿಯುವ ಲೆಕ್ಕ ಸರಿಸುಮಾರು ಒಂದೇ. ಹೆಚ್ಚಿಗೆ ಸಿಗುವುದು ಕಣ್ಣು. "ಆದ್ರ ತಡ ಮಾಡಬ್ಯಾಡ್ರಿ, ಗಂಟು ದೊಡ್ಡದಾದ್ರ ಆ ದಾರಿ ಮುಚ್ಚತೈತಿ" ಎಂದು ನಮ್ಮ ಕಡೆಯವರೇ ಆದ ಒಬ್ಬ ಡಾಕ್ಟರು ಬಾಗಿಲ ತನಕ ಬಂದು ಹೇಳಿ ಹೋದರು.

ಮನೆಗೆ ಬಂದ ಮರುದಿನದಿಂದ ನನಗೊಂದು ಅಭ್ಯಾಸ ಹತ್ತಿತು. ಬೆಳಿಗ್ಗೆ ಎದ್ದು ಎಡಗಣ್ಣು ಮುಚ್ಚಿ, ಅಡುಗೆಮನೆ ಗೋಡೆಯ ಕ್ಯಾಲೆಂಡರನ್ನು ಬಲಗಣ್ಣಿನಿಂದ ನೋಡುವುದು. ಒಂದು ಕರಿಯ ಕಲೆ ಒಂದು ತಾರೀಖನ್ನು ನುಂಗುತ್ತಿತ್ತು. ಅದು ಎರಡನ್ನು ನುಂಗುತ್ತದೆಯೇ ಎಂದು ದಿನವೂ ನೋಡುತ್ತಿದ್ದೆ.

ಇಂಗ್ಲೆಂಡಿನ ಆಸ್ಪತ್ರೆಯ ಉತ್ತರ ಅಂಗಡಿಯ ಫ್ಯಾಕ್ಸಿಗೆ ಬಂತು. ಬರುವ ಏಳನೇ ವಾರಕ್ಕೆ ತಾರೀಖು ಕೊಟ್ಟಿದ್ದರು. ಹಣ ಕಟ್ಟಲು ಎರಡು ರೀತಿ: ಪೂರ್ತಿ ಮುಂಗಡ, ಅಥವಾ ಅರ್ಧ ಮೊದಲು, ಉಳಿದದ್ದು ದಾಖಲಾಗುವ ದಿನ. ಯಾವುದೇ ಆಗಲಿ, ಮೊದಲ ಹಣ ತಾರೀಖಿಗೆ ಮೂರು ವಾರ ಮುಂಚೆ ಮುಟ್ಟಬೇಕು, ಮುಟ್ಟದಿದ್ದರೆ ಆ ಜಾಗ ಬೇರೆಯವರಿಗೆ. ನಮ್ಮವರು ಬಿ.ಕಾಂ. ಓದಿದವರು. ಕಾಗದವನ್ನು ಎರಡು ಸಲ ಓದಿ ಹೇಳಿದರು.

ವಿಮೆಯ ಏಜೆಂಟ್ ಮಹಾಂತೇಶನನ್ನು ಕರೆಸಿದೆವು. ಮನೆಮಂದಿಗೆಲ್ಲ ಅವನೇ ಪಾಲಿಸಿ ಮಾಡಿಸಿದ್ದ, ವರ್ಷವೂ ತಪ್ಪದೆ ಕಂತು ಒಯ್ಯುತ್ತಿದ್ದ.

"ಪಾಲಿಸಿ ಛಲೋ ಐತ್ರಿ ಸಾವಕಾರ್ರ. ಆದ್ರ ಅದು ಇಂಡಿಯಾದಾಗ ಅಷ್ಟ ನಡೀತೈತಿ. ಸಮುದ್ರ ದಾಟಿದ್ರ ಅದರ ಜೀವ ಹೋತು."

"ಇಲ್ಲೇ ಕಣ್ಣು ತಗಸಿದ್ರ?" ನಮ್ಮವರು ಕೇಳಿದರು.

"ಅದಕ್ಕ ಪೂರ್ತಿ ಬರ್ತೈತ್ರಿ. ಆಪರೇಶನ್, ಖೋಲಿ ಬಾಡಿಗಿ, ಔಷಧ, ಎಲ್ಲಾ. ಗಾಜಿನ ಕಣ್ಣು ಕೂಡಸೂದಕ್ಕ ಮಾತ್ರ ಕೇಳಿ ನೋಡಬೇಕ್ರಿ."

"ಅಂದ್ರ ತಗಿಯೂದಕ್ಕ ಐತಿ, ಉಳಸೂದಕ್ಕ ಇಲ್ಲ."

"ಕಂಪನಿ ಕಾಯದೆ ಹಂಗ ಐತ್ರಿ. ನಾ ಬರದದ್ದಲ್ಲ." ಮಹಾಂತೇಶ ಚಹಾದ ಕಪ್ಪು ಕೆಳಗಿಟ್ಟು ದನಿ ಇಳಿಸಿದ. "ಪ್ರವಾಸಕ್ಕ ಹೋಗವರಿಗೆ ಬ್ಯಾರೆ ಪಾಲಿಸಿ ಐತ್ರಿ. ಅದರ ಫಾರ್ಮಿನಾಗ ಒಂದು ಪ್ರಶ್ನೆ ಇರ್ತೈತಿ, ಔಷಧೋಪಚಾರಕ್ಕ ಹೊಂಟೀರೇನು ಅಂತ. ಅಲ್ಲೆ ಇಲ್ಲ ಅಂತ ಬರದು, ರಾಣಿ ಮನಿ ನೋಡಾಕ ಹೊಂಟೇವಿ ಅಂದ್ರ…"

ಒಳಗಿನಿಂದ ಅತ್ತೆಯವರು ಅಂದರು, "ಕಣ್ಣಿಗೆ ಪಟ್ಟಿ ಕಟಗೊಂಡು ಯಾ ರಾಣಿ ಮನಿ ನೋಡ್ತಾಳೋ ಮಹಾಂತೇಶಾ?"

ಅವನೂ ನಕ್ಕ. ಆ ಪ್ರವಾಸದ ಪಾಲಿಸಿಯನ್ನು ನಾವು ಮಾಡಿಸಿದೆವು, ಆದರೆ ಇದ್ದದ್ದನ್ನು ಇದ್ದಂತೆ ಬರೆಸಿ. ಕಣ್ಣಿಗೆ ಅದರಿಂದ ಒಂದು ಪೈಸೆ ಬರುವಂತಿರಲಿಲ್ಲ. ಅಲ್ಲಿ ಜಾರಿ ಬಿದ್ದರೆ, ಜ್ವರ ಬಂದರೆ, ಪೆಟ್ಟಿಗೆ ಕಳೆದರೆ ಬರುತ್ತಿತ್ತು. ಕೇಳುವವರಿಗೆ ನಾನು ಇಷ್ಟು ಹೇಳುತ್ತೇನೆ: ಅದನ್ನು ಮಾಡಿಸಿ, ಆದರೆ ಅದು ಯಾವುದಕ್ಕೆ ಇಲ್ಲ ಎಂಬುದನ್ನು ಹೊರಡುವ ಮೊದಲೇ ಓದಿಸಿಕೊಳ್ಳಿ.

ಆ ಸಂಜೆ ಪಡಸಾಲೆಯಲ್ಲಿ ಮಾತಾಯಿತು. ನಮ್ಮ ಮನೆಯಲ್ಲಿ ಭಾವನವರು ನನ್ನ ಜೊತೆ ನೇರ ಮಾತಾಡುತ್ತಿರಲಿಲ್ಲ. ಹಳೆಯ ರೂಢಿ. ನಾನು ಎರಡು ಮಾರು ದೂರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರೂ ಅವರು ತಮ್ಮನಿಗೇ ಹೇಳುವರು.

ಅತ್ತೆಯವರು ಶುರು ಮಾಡಿದರು. "ಒಂದ ಕಣ್ಣಿಂದ ಸಂಸಾರ ಮಾಡಿದವರು ಇಲ್ಲೇನು? ತಗೀರಿ ಅನ್ನಾಕತ್ತಿಲ್ಲ, ಕೇಳಾಕತ್ತೇನಿ."

ಭಾವನವರು ತಮ್ಮನ ಕಡೆ ತಿರುಗಿದರು. "ಈರಣ್ಣಾ, ನಿನ್ನ ಹೆಂಡತಿಗೆ ಕೇಳು, ಅಕಿ ಮನಸ್ಸಿನಾಗ ಏನೈತಿ ಅಂತ."

ನಾನು ನಮ್ಮವರ ಕಡೆ ನೋಡಿ ಅಂದೆ, "ಇಷ್ಟೆಲ್ಲಾ ಖರ್ಚು ಯಾಕ್ರಿ. ತಗಸಿಬಿಡೂಣು. ಇನ್ನೊಂದು ಐತೆಲ್ಲ."

"ಖರ್ಚಿನ ಮಾತು ಅಕಿಗೆ ಕೇಳಿಲ್ಲಂತ ಹೇಳು," ಭಾವನವರು ಅಂದರು. "ಕಣ್ಣಿನ ಮಾತು ಕೇಳೇನಿ."

ಸುಲಿದ ಕಾಳು, ಸಿಪ್ಪೆ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದೆ ಎಂದು ಆಗ ಕಂಡಿತು. ಸಿಪ್ಪೆ ಆರಿಸಿ ತೆಗೆಯುತ್ತ ಅಂದೆ, "ಇರಲಿ ಅನಸ್ತೈತಿ."

"ಆತು. ಅಷ್ಟ ಬೇಕಾಗಿತ್ತು," ಎಂದು ಭಾವನವರು ಎದ್ದರು.

ಆದರೆ ವ್ಯಾಪಾರಸ್ಥರು ವ್ಯಾಪಾರಸ್ಥರೇ. ಮರುದಿನ ಅವರು ತಮ್ಮನಿಂದ ಇಂಗ್ಲೆಂಡಿಗೆ ಒಂದು ಫ್ಯಾಕ್ಸ್ ಬರೆಸಿದರು: ಪೂರ್ತಿ ಮೊದಲೇ ಕೊಟ್ಟರೆ ಎಷ್ಟು ಬಿಡುತ್ತೀರಿ? ನಮ್ಮವರು ನಾಚಿಕೊಂಡು, "ಅಣ್ಣಾ, ದವಾಖಾನಿಗೆ ಹಿಂಗ ಕೇಳ್ತಾರೇನು? ಪೇಟ್ಯಾಗ ದರ ಕುದರಸೂವಂಗ ಟವೆಲ್ಲಿನ ಕೆಳಗ ಬೆರಳು ಹಿಡಿಯೂದಷ್ಟ ಬಾಕಿ" ಅಂದರಂತೆ. ಕೇಳಿದ್ದೇ ಒಳ್ಳೆಯದಾಯಿತು. ಪೂರ್ತಿ ಮುಂಗಡ ಕಟ್ಟುವವರಿಗೆ ಸ್ವಲ್ಪ ಕಡಿಮೆ ಮಾಡುವ ಪದ್ಧತಿ ಅಲ್ಲಿ ಇದ್ದೇ ಇತ್ತು, ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು. ಭಾವನವರು ಎರಡು ದಿನ ಮೀಸೆ ಮೇಲೆ ಕೈಯಾಡಿಸುತ್ತ ತಿರುಗಿದರು.

ಹಣ ಹೋಯಿತು. ಬ್ಯಾಂಕಿನವರು ಕೇಳಿದ ಕಾಗದ ಕೊಟ್ಟೆವು: ಅಲ್ಲಿಯ ಆಸ್ಪತ್ರೆಯ ಅಂದಾಜು ಪತ್ರ, ಇಲ್ಲಿಯ ಡಾಕ್ಟರ ಪತ್ರ, ಪಾಸ್‌ಪೋರ್ಟಿನ ನಕಲು. ನಾನು ಸ್ವೆಟರ್ ತೆಗೆದು ಬಿಸಿಲಿಗೆ ಹಾಕಿದೆ. ಚಟ್ನಿಪುಡಿ ಕುಟ್ಟಿದೆ. ವೀಸಾಕ್ಕೆ ಓಡಾಟ ನಡೆದಿತ್ತು. ಹದಿಮೂರನೇ ದಿನ ಫ್ಯಾಕ್ಸ್ ಬಂತು: ನಿಮ್ಮ ಹಣ ಇನ್ನೂ ಬಂದಿಲ್ಲ, ಬರುವ ಶುಕ್ರವಾರದ ಒಳಗೆ ಬರದಿದ್ದರೆ ತಾರೀಖು ಹಿಡಿದಿಡಲು ಆಗುವುದಿಲ್ಲ. ಮುಂದಿನ ತಾರೀಖು ಮೂರು ತಿಂಗಳ ಆಚೆ.

ಆ ಬೆಳಿಗ್ಗೆಯೇ ಕ್ಯಾಲೆಂಡರಿನಲ್ಲಿ ಕಲೆ ಎರಡನೇ ತಾರೀಖಿನ ಅಂಚನ್ನು ಮುಟ್ಟಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ, ಅಲ್ಲಿ ಬೆಳಿಗ್ಗೆಯಾಗುವ ಹೊತ್ತಿಗೆ, ನಮ್ಮವರು ಅಂಗಡಿಯಿಂದ ಫೋನ್ ಹಚ್ಚಿದರು. ನಾನೂ ಹೋಗಿ ಒಳಗಿನ ಕಟ್ಟೆಯ ಮೇಲೆ ಕೂತಿದ್ದೆ. ಆ ಕಡೆಯಿಂದ ಹಣಕಾಸು ವಿಭಾಗದ ಹೆಣ್ಣುಮಗಳು ಏನೋ ಹೇಳುತ್ತಿದ್ದಳು, ನಮ್ಮವರು "ಯೆಸ್, ಯೆಸ್" ಅನ್ನುತ್ತ ಬರಬರುತ್ತ ಸಣ್ಣಗಾದರು. ಫೋನ್ ಇಟ್ಟು ಅಂದರು:

"ಯಾವುದೋ ಹತ್ತಿ ಕಂಪನಿಯಿಂದ ರೊಕ್ಕ ಬಂದಿತ್ತಂತ. ಪೇಶಂಟ್ ಹೆಸರಿಲ್ಲ, ಅವರ ನಂಬರಿಲ್ಲ. ದವಾಖಾನಿಯವರು ಹತ್ತಿ ಖರೀದಿ ಮಾಡಿಲ್ಲಲ್ಲ ಅಂತ, ತಪ್ಪಿ ಬಂದೈತಿ ಅನಕೊಂಡು ಹೊಳ್ಳಿ ಕಳಸ್ಯಾರ."

ಯಾರ ತಪ್ಪು ಎಂದು ಹೇಳುವುದು? ನಮ್ಮಲ್ಲಿ ಅಂಗಡಿ ಅಂದರೆ ಮನೆ. ಮಗಳ ಮದುವೆ, ಅತ್ತೆಯವರ ಹಲ್ಲು, ದೇವರ ಎಣ್ಣೆ, ಎಲ್ಲದಕ್ಕೂ ಅಂಗಡಿಯದೇ ಚೆಕ್ಕು, ಅದರ ಮೇಲೆ ಒತ್ತಲು ಅಂಗಡಿಯದೇ ಸಿಕ್ಕಾ. ಅಣ್ಣತಮ್ಮಂದಿರಿಬ್ಬರಿಗೂ ಬೇರೆ ಖಾತೆ ಇರಲಿಲ್ಲ. ನನಗಂತೂ ಇಲ್ಲವೇ ಇಲ್ಲ. ಹತ್ತಿ ಬಿಡಿಸುವ ಯಂತ್ರದ ಬಿಡಿಭಾಗಕ್ಕೆ ಹಣ ಕಳಿಸುವಂತೆ ನನ್ನ ಕಣ್ಣಿಗೂ ಅಂಗಡಿಯ ಹೆಸರಿನಲ್ಲೇ ಕಳಿಸಿದ್ದರು. ಬ್ಯಾಂಕಿನ ಫಾರ್ಮಿನಲ್ಲಿ ಪತ್ರದ ಸಂಖ್ಯೆ ಕೇಳಿದ ಜಾಗದಲ್ಲಿ ನಮ್ಮವರು ರೂಢಿಯಂತೆ ಅಂಗಡಿಯದೇ ಪತ್ರದ ಸಂಖ್ಯೆ ಬರೆದಿದ್ದರು. ಬ್ಯಾಂಕಿನವರೂ ಹಳೆಯ ಗಿರಾಕಿ ಎಂದು ತಿರುಗಿ ಕೇಳಿರಲಿಲ್ಲ.

ಹೋದ ಹಣ ಮರಳಿ ಬರಲು ಎರಡು ಮೂರು ವಾರ. ಇದ್ದದ್ದು ಐದು ದಿನ.

ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು. ಭಾವನವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಒಂದು ತಾಸಿಗೆ ಬಂದು, "ಇನ್ನೊಮ್ಮೆ ಕಳಸೂಣು. ನಾಳೆ ಹನ್ನೊಂದಕ್ಕ ರೊಕ್ಕ ಬರ್ತೈತಿ. ಈ ಸಲ ಹ್ಯಾಂಗ ಕಳಸಬೇಕು ಅದನ್ನ ಕೇಳಿಕೊಂಡು ಬಾ" ಎಂದರು. ಎಲ್ಲಿಂದ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ದರ ಏರಲಿ ಎಂದು ಎರಡು ತಿಂಗಳಿಂದ ಗೋದಾಮಿನಲ್ಲಿ ಇಟ್ಟುಕೊಂಡಿದ್ದ, ಅಂಡಿಗೆ ಕಟ್ಟಿದ ಹತ್ತಿಯನ್ನೆಲ್ಲ ಅಂದಿನ ದರಕ್ಕೇ ಕೊಟ್ಟು ಬಂದಿದ್ದರೆಂದು ಎಷ್ಟೋ ದಿನದ ಮೇಲೆ ನಮ್ಮವರು ಹೇಳಿದರು. ಆಮೇಲೆ ಹದಿನೈದೇ ದಿನದಲ್ಲಿ ದರ ಏರಿತಂತೆ.

ಬ್ಯಾಂಕಿನಲ್ಲಿ ಆ ಕೆಲಸ ನೋಡುವ ಆಫೀಸರು ಒಬ್ಬ ಹೆಣ್ಣುಮಗಳು. ಆಕೆ ನಮ್ಮವರಿಗೆ ಬಿಗಿಯಾಗಿ ಹೇಳಿದಳು: "ಈ ಸಲ ಅಂಗಡಿ ಸಿಕ್ಕಾ ಎಲ್ಲೂ ಬ್ಯಾಡ್ರಿ. ಪೇಶಂಟ್ ಯಾರೋ ಅವರ ಹೆಸರಿನಾಗ ಉಳಿತಾಯ ಖಾತೆ ತಗೀರಿ, ಪಾಸ್‌ಪೋರ್ಟಿನಾಗ ಹೆಸರು ಹ್ಯಾಂಗೈತಿ ಹಂಗ. ಅವರ ಖಾತೆಯಿಂದನ ಹೋಗಲಿ."

"ಇವತ್ತ ತಗೀತೇವ್ರಿ."

"ಗುರುತು ಹೇಳಿ ಸಹಿ ಮಾಡವರೊಬ್ಬರು ಬೇಕು. ನಮ್ಮ ಶಾಖೆಯಾಗ ಉಳಿತಾಯ ಖಾತೆ ಇದ್ದವರು."

"ನಾ ಇದ್ದೇನಲ್ರಿ."

"ನಿಮ್ಮದೆಲ್ಲಾ ಅಂಗಡಿ ಹೆಸರಿನಾಗ ಐತ್ರಿ ಸಾವಕಾರ್ರ. ಉಳಿತಾಯ ಖಾತೆ ಎಲ್ಲೈತಿ?"

ಮನೆಗೆ ಬಂದು ಇಬ್ಬರೂ ಅಣ್ಣತಮ್ಮಂದಿರು ಯಾರನ್ನು ಕೇಳುವುದೆಂದು ಪೇಟೆಯ ಹೆಸರುಗಳನ್ನೆಲ್ಲ ಎಣಿಸಿದರು. ಎಲ್ಲರೂ ನಮ್ಮಂಥವರೇ, ಎಲ್ಲರದೂ ಅಂಗಡಿಯ ಖಾತೆಯೇ. ಒಲೆಯ ಮುಂದೆ ಕೂತಿದ್ದ ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನಗೆ ಅಂದಳು, "ನಂದು ಐತ್ರಿ ಅಕ್ಕಾರ, ಅದ ಬ್ಯಾಂಕಿನಾಗ. ನಮ್ಮ ಗಬ್ಬೂರ ಹೆಂಗಸರ ಸಂಘದವರು ಕೆಲಸಕ್ಕ ಬರೂ ಕಡೆ ಬ್ಯಾಂಕ್ ಇದ್ರ ಛಲೋ ಅಂತ ಎಲ್ಲಾರಿಗೂ ಅಲ್ಲೇ ಮಾಡಿಸ್ಯಾರ. ಎರಡು ವರ್ಷ ಆತು."

ಭಾವನವರು ಪಡಸಾಲೆಯಿಂದಲೇ ಕೇಳಿಸಿಕೊಂಡು, "ಈರಣ್ಣಾ, ಆಟೋ ಕರಿ" ಅಂದರು.

ನೀಲವ್ವ ಹಿಟ್ಟಿನ ಕೈ ತೊಳೆದುಕೊಂಡು, ನನ್ನದೊಂದು ಇಸ್ತ್ರಿ ಮಾಡಿದ ಸೀರೆ ಕೇಳಿ ಉಟ್ಟುಕೊಂಡು ಬಂದಳು. ಬ್ಯಾಂಕಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಆಫೀಸರು ಫಾರ್ಮು ತಿರುವಿ ಕೇಳಿದಳು, "ಇವರನ್ನ ಎಷ್ಟು ವರ್ಷದಿಂದ ಬಲ್ಲಿರಿ?"

"ಹದಿನಾರು ವರ್ಷ ಆತ್ರಿ. ಉಪ್ಪು ಕಮ್ಮಿ ತಿಂತಾರ, ಮಾತು ಕಮ್ಮಿ ಆಡ್ತಾರ, ಪಗಾರ ಒಂದನೇ ತಾರೀಖಿಗೆ ಕೊಡ್ತಾರ. ಇನ್ನೇನು ಬರೀಬೇಕ್ರಿ?"

"ಸಹಿ ಅಷ್ಟ ಸಾಕು," ಎಂದು ಆಫೀಸರು ಮೊದಲ ಸಲ ನಕ್ಕಳು.

ನೀಲವ್ವ ಒಂದೊಂದೇ ಅಕ್ಷರ ಮಾಡಿ ತನ್ನ ಹೆಸರು ಬರೆದಳು. ಅದರ ಕೆಳಗೆ ನಾನು ನನ್ನದು ಬರೆದೆ. ಸುಮಂಗಲಾ ಎಂದು ಸಹಿ ಮಾಡುವ ಪ್ರಸಂಗವೇ ನನಗೆ ವರ್ಷಗಟ್ಟಲೆ ಬಂದಿರಲಿಲ್ಲ. ಎರಡು ಕಡೆ ಸಹಿ ಒಂದೇ ತರಹ ಬರಲಿಲ್ಲವೆಂದು ಇನ್ನೊಂದು ಫಾರ್ಮು ತೆಗೆದುಕೊಳ್ಳಬೇಕಾಯಿತು. ಬುಧವಾರ ಹಣ ಹೋಯಿತು, ಈ ಸಲ ನನ್ನ ಹೆಸರು, ಆಸ್ಪತ್ರೆ ಕೊಟ್ಟ ನಂಬರು, ಎರಡನ್ನೂ ಆಫೀಸರು ತಾನೇ ಬರೆದು. ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ರಶೀದಿಯ ಫ್ಯಾಕ್ಸ್ ಬಂತು. ನಮ್ಮವರು ಅದನ್ನು ಮನೆಗೇ ತಂದು ನನ್ನ ಕೈಗೆ ಕೊಟ್ಟರು. ಇಂಗ್ಲಿಷು ನನಗೆ ಅಷ್ಟು ಬಾರದು, ಆದರೆ ನನ್ನ ಹೆಸರನ್ನು ಓದಿಕೊಂಡೆ.

ಇಂಗ್ಲೆಂಡಿನ ಬಗ್ಗೆ ಹೆಚ್ಚು ಬರೆಯಲು ನನ್ನಲ್ಲಿಲ್ಲ. ಚಳಿ ಇತ್ತು. ಮೊದಲು ಕಣ್ಣಿನ ಹಿಂದೆ ಗುರುತಿಗೆಂದು ಸಣ್ಣ ಬಿಲ್ಲೆಗಳನ್ನು ಹೊಲಿದರು. ಅದಕ್ಕೆ ಅರಿವಳಿಕೆ ಕೊಡುವ ಮುನ್ನ ಮೈಮೇಲಿನದೆಲ್ಲ ತೆಗೆಯಬೇಕೆಂದು ನರ್ಸ್ ಹೇಳಿದಳು. ಬಳೆ ತೆಗೆದೆ, ತಾಳಿ ತೆಗೆದೆ. ಕೊರಳಲ್ಲಿದ್ದ ಲಿಂಗದ ಕರಡಿಗೆಗೆ ಕೈ ಹೋಗಲಿಲ್ಲ. ಆಕೆ ಒಂದು ಫಾರ್ಮು ತಂದು, ಇದು ಕಳೆದರೆ ವಿಮೆಗಾಗಿ ಬೆಲೆ ಎಷ್ಟೆಂದು ಬರೆಯಬೇಕು ಎಂದಳು. ನಮ್ಮವರು ಪೆನ್ನು ಹಿಡಿದವರು ಮತ್ತೆ ಕೆಳಗಿಟ್ಟರು. ಆಮೇಲೆ ತಮಗೆ ತಿಳಿದ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆಕೆ ಕೇಳಿಸಿಕೊಂಡು, ಫಾರ್ಮನ್ನು ಮಡಚಿ ಕಿಸೆಗೆ ಹಾಕಿಕೊಂಡಳು. ಬೆಳ್ಳಿಯ ಕರಡಿಗೆಯನ್ನು ಮಾತ್ರ ನಮ್ಮವರಿಗೆ ಕೊಡಿಸಿ, ಲಿಂಗವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ನನ್ನ ಎಡಗೈ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿಸಿ, ಮೇಲೆ ಪಟ್ಟಿ ಸುತ್ತಿದಳು. ಎಚ್ಚರಾದಾಗ ಪಟ್ಟಿ ಹಾಗೇ ಇತ್ತು.

ಆಮೇಲೆ ನಾಲ್ಕು ದಿನ ಕಿರಣ. ಮುಖಕ್ಕೆ ಅಚ್ಚಿನ ಮುಸುಕು, ಬಾಯಲ್ಲಿ ಕಚ್ಚಿಕೊಳ್ಳಲು ಒಂದು ತುಂಡು. ಕೆಂಪು ದೀಪವನ್ನು ಅಲುಗಾಡದೆ ನೋಡುತ್ತಿರಬೇಕು. ಅರ್ಧ ನಿಮಿಷದ ಕೆಲಸ. ನೋವಿಲ್ಲ. ನನಗೆ ಹೆದರಿಕೆಯಾದದ್ದು ಅವರೆಲ್ಲ ಕೋಣೆ ಬಿಟ್ಟು ಹೋಗಿ ಬಾಗಿಲು ಮುಚ್ಚಿಕೊಳ್ಳುವಾಗ ಮಾತ್ರ. ಮನದಲ್ಲೇ ಪಂಚಾಕ್ಷರಿ ಎಣಿಸುತ್ತಿದ್ದೆ, ಇಪ್ಪತ್ತಾರಕ್ಕೆ ಬಾಗಿಲು ತೆರೆಯುತ್ತಿತ್ತು. ಹಣದ ಕಿಟಕಿಗೆ ನಾವು ಮತ್ತೆ ಹೋಗಬೇಕಾಗಲೇ ಇಲ್ಲ. ಅಲ್ಲಿ ಉಳಿದಷ್ಟು ದಿನ ಹಣದ ಮಾತು ಯಾರೂ ಎತ್ತಲಿಲ್ಲ, ಅದು ಪೂರ್ತಿ ಮುಂಗಡ ಕಟ್ಟಿದ್ದರ ಸುಖ.

ಫಲ ಕೂಡಲೇ ತಿಳಿಯುವುದಿಲ್ಲ, ಆರು ತಿಂಗಳು ಕಾಯಬೇಕು ಎಂದು ಕಳಿಸಿದರು. ಕಾಯ್ದೆವು. ಮರಳಿ ಬಂದ ಹಣ ಅಂಗಡಿಗೆ ಸೇರಿತು. ರೆಪ್ಪೆಯ ಕೂದಲು ಉದುರಿದವು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನೋಡಲು ಬಂದವರು ಒಬ್ಬೊಬ್ಬರು, "ಇಷ್ಟು ಮಾಡೂದಕ್ಕಿಂತ ತಗಸಿಬಿಟ್ಟಿದ್ರ ಮುಗದಹೋಗ್ತಿತ್ತು" ಎಂದು ಹೋಗುವರು. ಅಂಥವರಿಗೆ ಅತ್ತೆಯವರು ಎರಡನೇ ಚಹಾ ಕೊಡಿಸುತ್ತಿರಲಿಲ್ಲ.

ಆರು ತಿಂಗಳಿಗೆ ಹುಬ್ಬಳ್ಳಿಯ ಅದೇ ಡಾಕ್ಟರು ಸ್ಕ್ಯಾನು ಮಾಡಿದರು. ಅದೇ ಹೊರಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಎರಡು ಚಿತ್ರಗಳನ್ನು ದೀಪದ ಮುಂದೆ ಹಿಡಿದು ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಅಂದರು, "ಕುಗ್ಗೇತ್ರಿ. ದೃಷ್ಟಿ ಮೊದಲಿನಷ್ಟು ಬರೂದಿಲ್ಲ, ಅದನ್ನ ಆಶಾ ಮಾಡಬ್ಯಾಡ್ರಿ. ಆದ್ರ ಕಣ್ಣು ಉಳೀತು."

ಅವರು ಹೇಳಿದ್ದು ಸರಿ. ಇಂದಿಗೂ ಬಲಗಣ್ಣಿನಲ್ಲಿ ಮನುಷ್ಯರು ಕಾಣುತ್ತಾರೆ, ಮುಖ ಕಾಣುವುದಿಲ್ಲ. ಬಾಗಿಲಲ್ಲಿ ಯಾರೋ ನಿಂತದ್ದು ಗೊತ್ತಾಗುತ್ತದೆ. ರೋಗ ಲಿವರಿಗೆ ಹರಡಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ಹೊಟ್ಟೆಯ ಸ್ಕ್ಯಾನು ಮಾಡಿಸುತ್ತೇನೆ, ವರದಿ ಬರುವ ತನಕ ಎರಡು ದಿನ ಊಟ ಸೇರುವುದಿಲ್ಲ. ಇದೂ ಈಗ ಮನೆಯ ಕೆಲಸಗಳಲ್ಲಿ ಒಂದು.

ಆ ದಿನ ಡಾಕ್ಟರಲ್ಲಿಂದ ನಮ್ಮವರು ಅಂಗಡಿಗೆ ಫೋನ್ ಮಾಡಿದ್ದರು. ನಾವು ಮನೆ ಮುಟ್ಟುವ ಹೊತ್ತಿಗೆ ಭಾವನವರು ಬಂದಿದ್ದರು. ಹತ್ತಿಯ ಸುಗ್ಗಿ, ಪೇಟೆಯಲ್ಲಿ ಗಾಡಿಗಳು ನಿಂತ ದಿನಗಳು; ಊಟಕ್ಕೆ ಮನೆಗೆ ಬರುವ ಹೊತ್ತಲ್ಲ. ನೀಲವ್ವ ಬಿಸಿ ರೊಟ್ಟಿ ಹಾಕುತ್ತ ಹೋದಳು. ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಕೊನೆಗೆ ಅತ್ತೆಯವರು ಮಾಡಿಸಿದ ಗೋದಿ ಹುಗ್ಗಿ. ಭಾವನವರು ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ಕೈ ತೊಳೆದು ಬಂದು, ಅಂಗಡಿಗೆ ಹೋಗಲೆಂದು ಟೊಪ್ಪಿಗೆ ಕೈಯಲ್ಲಿ ಹಿಡಿದು ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ನಾನು ಅಡಿಕೆ ಎಲೆಯ ತಟ್ಟೆ ತರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ನಮ್ಮವರು ಎಬ್ಬಿಸಲು ಹೋದರು. ಅತ್ತೆಯವರು ಬೇಡವೆಂದು ಕೈ ಮಾಡಿದರು.